ಹರಿವೆ ದಂಟು ತಿಂದ ಹದಿನಾಲ್ಕು ತಿಂಗಳು

ಕಳೆದ ವಾರ ಬೋವಿಕಾನದ ತಂಗಿಯ ಮನೆಗೆ ಹೋಗಿದ್ದೆ. ಜಗಲಿ ಹತ್ತುವಾಗಲೇ ಒಳಗಿನಿಂದ ಕೆಂಪು ಹರಿವೆ ದಂಟು ಬೇಯುವ ವಾಸನೆ ಬಂತು. ಜೊತೆಗೆ ಜಜ್ಜಿದ ಬೆಳ್ಳುಳ್ಳಿ, ಹಲಸಿನ ಬೀಜ, ಒಂದಿಷ್ಟು ಹುಣಸೆ. ಒಗ್ಗರಣೆ ಇನ್ನೂ ಬಿದ್ದಿರಲಿಲ್ಲ. ಎಣ್ಣೆ ಬೀಳುವ ಮೊದಲಿನ ಆ ವಾಸನೆ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಹದಿನಾಲ್ಕು ತಿಂಗಳು ನನ್ನ ಅಡಿಗೆಮನೆಯಲ್ಲಿ ಒಗ್ಗರಣೆಯೇ ಬಿದ್ದಿರಲಿಲ್ಲ. "ಎಂತ ಅಕ್ಕ, ಬಾಗಿಲಲ್ಲೇ ನಿಂತದ್ದು? ಬಾ, ಊಟಕ್ಕೆ ಆಯ್ತು" ಎಂದಳು ತಂಗಿ. ತಲೆನೋವು ಅಂತ ಸುಳ್ಳು ಹೇಳಿ, ಒಂದು ಲೋಟ ನೀರು ಕುಡಿದು, ಎರಡು ಬಸ್ಸು ಬದಲಿಸಿ ಸೀತಾಂಗೋಳಿಗೆ ಹಿಂದೆ ಬಂದೆ. ಅವಳಿಗೆ ಬೇಜಾರಾಗಿರಬೇಕು. ಫೋನು ಮಾಡಿ ಹೇಳುವ ಅಂದರೆ ಎಲ್ಲಿಂದ ಸುರು ಮಾಡುವುದು? ಅದಕ್ಕೇ ಬರೆಯಲಿಕ್ಕೆ ಕೂತದ್ದು.

ನಮ್ಮದು ತುಳು ಮಾತಾಡುವ ಮನೆ. ನಮ್ಮಲ್ಲಿ ಊಟಕ್ಕೆ ಮೀನು ಇಲ್ಲ ಅಂದರೆ ಅವತ್ತು ಸೋಮವಾರ, ಇಲ್ಲದಿದ್ದರೆ ಯಾರಿಗೋ ಹುಷಾರಿಲ್ಲ. ತರಕಾರಿಯನ್ನು ನಾನು ಅಡಿಗೆ ಅಂತ ಲೆಕ್ಕಕ್ಕೇ ಹಿಡಿದವಳಲ್ಲ. ತೊಂಡೆಕಾಯಿ ಇದ್ದರೆ ಬೇಯಿಸಿ ಬದಿಗಿಡುವುದು, ಮುಗಿಯಿತು. ಇವರಿಗೂ ಹಾಗೆಯೇ. ಇವರು ಅಂದರೆ ನನ್ನ ಗಂಡ, ಗಂಗಾಧರ. ಹೆಸರು ಹೇಳಿ ಅಭ್ಯಾಸವಿಲ್ಲ, ಬರೆಯುವಾಗಲೂ ಕೈ ತಡೆಯುತ್ತದೆ. ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮದುವೆಯಾಗಿ ಅಷ್ಟೂ ವರ್ಷದ ರಜೆಯನ್ನು ಕೂಡಿಸಿದರೆ ನಾವು ಗಂಡ ಹೆಂಡತಿ ಒಂದು ಮಾಡಿನ ಕೆಳಗೆ ಇದ್ದದ್ದು ಎರಡು ವರ್ಷದ ಮೇಲೆ ಸ್ವಲ್ಪ. ಆ ರಜೆಯಲ್ಲಾದರೂ ಮಾತಾಡಿದ್ದು ಎಂತ? ಮದುವೆ, ಗೃಹಪ್ರವೇಶ, ನೆಂಟರು. ನಾನು ಎಣ್ಣೆಯಲ್ಲಿ ಮೀನು ಪೊರಿಯುವುದು, ಇವರು ತಿನ್ನುವುದು.

ಹಾಗೆ ಒಂದು ರಜೆಗೆ ಬಂದು ಒಂಬತ್ತನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾವಿಕಟ್ಟೆಯ ಹತ್ತಿರ ಕೂತುಬಿಟ್ಟರು. ಮಂಗಳೂರಿಗೆ ಕೊಂಡೋಗಿ ಎದೆಗೆ ಸ್ಟೆಂಟ್ ಹಾಕಿಸಿಯಾಯಿತು. ಬಿಡುಗಡೆಯ ದಿನ ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿ ಹೇಳಿದರು. "ಎಣ್ಣೆ ಬಿಡಿ, ಮಾಂಸ ಬಿಡಿ, ಮೊಟ್ಟೆ ಬಿಡಿ. ಸೊಪ್ಪು, ತರಕಾರಿ, ಕಾಳು, ಹಣ್ಣು ತಿಂದು ನೋಡಿ. ಮದ್ದು ನಾನು ಕೊಡ್ತೇನೆ, ಅರ್ಧ ಕೆಲಸ ನಿಮ್ಮ ಅಡಿಗೆಮನೆಯದ್ದು."

"ಮೀನು?" ಅಂತ ಇವರು ಕೇಳಿದರು.

"ಸದ್ಯಕ್ಕೆ ಅದೂ ಬೇಡ."

"ತೆಂಗಿನಕಾಯಿ?" ಅಂತ ನಾನು ಕೇಳಿದೆ.

"ತುಂಬ ಕಮ್ಮಿ ಮಾಡಿ."

ಇವರಿಗೆ ಎದೆನೋವು ಬಂದದ್ದು ಬಾವಿಕಟ್ಟೆಯಲ್ಲಿ. ನನಗೆ ಬಂದದ್ದು ಅಲ್ಲಿ, ಆ ಕುರ್ಚಿಯಲ್ಲಿ. ತೆಂಗಿನಕಾಯಿ ಇಲ್ಲದೆ ಎಂತ ಮಾಡುವುದು ಮಾರಾಯ್ರೇ? ನಮ್ಮ ಕಡೆಯ ಹೆಂಗಸಿನ ಕೈಯಿಂದ ತೆಂಗಿನಕಾಯಿ ತೆಗೆದರೆ ಉಳಿಯುವುದು ಬರೀ ಉಪ್ಪು ಮೆಣಸು.

ಮೊದಲ ತಿಂಗಳು ನನ್ನ ಅಡಿಗೆಯನ್ನು ನಾನೇ ತಿನ್ನಲಿಕ್ಕೆ ಆಗಲಿಲ್ಲ. ಬೇಯಿಸಿದ ತರಕಾರಿಯ ಎದುರು ಇವರು ಶಾಲೆಯಲ್ಲಿ ಪೆಟ್ಟು ತಿಂದವರ ಹಾಗೆ ತಲೆ ತಗ್ಗಿಸಿ ಕೂರುತ್ತಿದ್ದರು. ಒಂದು ದಿನ ತಟ್ಟೆ ದೂಡಿ ಎದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ನಾನು ಯಾರಿಗೋಸ್ಕರ ಮಾಡುವುದು ಇದೆಲ್ಲ? ನಿಮ್ಮ ಜೀವ ನಿಮಗೆ ಬೇಡವಾದರೆ ಹೇಳಿ, ಈಗಲೇ ಒಂದು ಕಿಲೋ ಬಂಗುಡೆ ಪೊರಿದು ಹಾಕ್ತೇನೆ" ಅಂತ ಕೂಗಿದೆ. ಕೂಗಿ ಅಡಿಗೆಮನೆಗೆ ಹೋಗಿ ಅತ್ತೆ. ಇವರು ಹಿಂದಿನಿಂದ ಬಂದು ಮಣೆಯ ಮೇಲೆ ಕೂತು ಕತ್ತಿ ತೆಗೆದುಕೊಂಡರು. "ಬದನೆಕಾಯಿ ಕೊಡು ಇಲ್ಲಿ. ಮೀನಿನ ಮಸಾಲೆ ಹೇಗೆ ಕಡೆಯುತ್ತಿಯೋ ಹಾಗೇ ಕಡೆ, ಎಣ್ಣೆ ಮಾತ್ರ ಹಾಕಬೇಡ. ಮೀನಿನ ಬದಲು ಇದನ್ನು ಹಾಕುವ" ಎಂದರು.

ಅವತ್ತು ಗೊತ್ತಾಯಿತು ನನಗೆ, ಈ ಮನುಷ್ಯನಿಗೆ ಅಡಿಗೆ ಬರುತ್ತದೆ ಅಂತ! ಗಲ್ಫಿನಲ್ಲಿ ಎಂಟು ಜನ ಇರುವ ರೂಮಿನಲ್ಲಿ ಸರದಿಯ ಮೇಲೆ ಬೇಯಿಸಿದ ಕೈ. ಈರುಳ್ಳಿ ಕತ್ತರಿಸಿದರೆ ನೂಲು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಮೆಣಸು, ಕೊತ್ತಂಬರಿ, ಮೆಂತೆ ಎಲ್ಲ ಬರೀ ಹಂಚಿನಲ್ಲಿ ಹುರಿದೆ. ತೆಂಗಿನಕಾಯಿಯ ಬದಲು ಬೇಯಿಸಿದ ಹಲಸಿನ ಬೀಜ ಹಾಕಿ ಕಡೆದೆ. ಬದನೆ ಆ ಹುಳಿ ಖಾರವನ್ನೆಲ್ಲ ಹೀರಿಕೊಂಡು ಬಾಯಿಗಿಟ್ಟರೆ ಕರಗುವ ಹಾಗಾಯಿತು. ಇವರು ಕುಚ್ಚಲಕ್ಕಿ ಅನ್ನ ಎರಡನೇ ಸಲ ಹಾಕಿಸಿಕೊಂಡರು. ನಾನು ಪಾತ್ರೆಯ ತಳವನ್ನು ಅನ್ನ ಹಾಕಿ ಒರೆಸಿ ತಿಂದೆ.

ಅಲ್ಲಿಂದ ನಮ್ಮ ಕಾರುಬಾರು ಸುರುವಾಯಿತು. ಮನೆಯ ಹಿಂದಿನ ಮುರಕಲ್ಲಿನ ಜಾಗದಲ್ಲಿ ಗುದ್ದಲಿ ನಾಟುವುದಿಲ್ಲ. ಇವರು ಕೆಳಗಿನ ಗದ್ದೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಹಾಕಿದರು. ಅಷ್ಟು ಹೊರಬಾರದು ಅಂತ ನಾನು ಬೊಬ್ಬೆ ಹೊಡೆದ ಮೇಲೆ ಅರ್ಧರ್ಧ ಬುಟ್ಟಿ ಹೊತ್ತರು. ಹರಿವೆ, ಬಸಳೆ, ಅಲಸಂಡೆ, ಮುಳ್ಳುಸೌತೆ, ಹಾಗಲ. ಬೆಳಿಗ್ಗೆ ನೀರು ಹಾಕುವುದು ಇವರು, ಕೊಯ್ಯುವುದು ನಾನು, ಕತ್ತರಿಸುವುದು ಇವರು, ಬೇಯಿಸುವುದು ನಾನು. ಮೀನು ಮಾರುವ ಮೊಯ್ದು ದಿನಾ ಗೇಟಿನ ಹತ್ತಿರ ಹಾರ್ನ್ ಹೊಡೆದು "ಅಕ್ಕಾ, ಇವತ್ತೂ ಇಲ್ಲವಾ?" ಅಂತ ಕೇಳುತ್ತಿದ್ದ. ಆಮೇಲಾಮೇಲೆ ಮೀನಿನ ಪೆಟ್ಟಿಗೆಯ ಮೇಲೆ ಚೀಲದಲ್ಲಿ ಅವನ ಮನೆಯ ಬಾಳೆದಂಡು ಕಟ್ಟಿ ತಂದು ಕೊಟ್ಟು ಹೋಗುತ್ತಿದ್ದ. ನಮ್ಮ ಅಲಸಂಡೆ ಅವನ ಮನೆಗೆ ಹೋಗುತ್ತಿತ್ತು.

ನಾನು ಐವತ್ತರ ಹತ್ತಿರ ಬಂದ ಮೇಲೆ ತರಕಾರಿಯ ರುಚಿ ಕಲಿತವಳು. ಎಣ್ಣೆ, ತೆಂಗಿನಕಾಯಿಯ ಅಡಿಯಲ್ಲಿ ಅಡಗಿ ಕೂತಿದ್ದ ರುಚಿಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಹರಿವೆ ದಂಟನ್ನು ಜಗಿದು ರಸ ಚೀಪಿದರೆ ಸಣ್ಣ ಸಿಹಿ ಉಂಟು, ಗೊತ್ತುಂಟಾ ನಿಮಗೆ? ಸೌತೆಕಾಯಿಯ ತಿರುಳನ್ನು ನಾನು ಜನ್ಮವಿಡೀ ದನಕ್ಕೆ ಹಾಕಿದವಳು. ಅದನ್ನೇ ಕಿವುಚಿ, ಬೆಲ್ಲ ಹುಳಿ ಹಾಕಿ ಸಾರು ಮಾಡಿದರೆ ಇವರು ಲೋಟದಲ್ಲಿ ಕುಡಿಯುತ್ತಿದ್ದರು. ಹುರುಳಿ ಬೇಯಿಸಿದ ಕಟ್ಟು, ಬಾಳೆದಂಡಿಗೆ ಹೆಸರುಕಾಳು, ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆಯ ಪತ್ರೊಡೆ. ಗುಜ್ಜೆಯ ಕಾಲದಲ್ಲಿ ಎಳೆ ಹಲಸನ್ನು ಕೋಳಿ ಸುಕ್ಕದ ಮಸಾಲೆಯಲ್ಲಿ ಮಾಡಿ ಬಡಿಸಿದೆ. ಇವರ ಅಕ್ಕ, ನನ್ನ ದೇವಕಿ ಅತ್ತಿಗೆ, ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಆಚೆಗೆ ಇರುವವರು. ಅವರು ತಿಂದು "ಹೃದಯದ ಕಾಯಿಲೆಯವನಿಗೆ ಕೋಳಿ ಕೊಡ್ತಿಯಾ, ನಿನಗೆ ಮಂಡೆ ಸಮ ಉಂಟಾ?" ಅಂತ ನನಗೆ ಬೈದರು. ಇವರು ನಕ್ಕು ನಕ್ಕು ಕೆಮ್ಮಿದರು.

ಶರೀರಕ್ಕೂ ಅದು ಹಿಡಿಯಿತು. ಇವರ ಹೊಟ್ಟೆ ಇಳಿದು ಹಳೆಯ ಪ್ಯಾಂಟಿಗೆ ಬೆಲ್ಟು ಬೇಕಾಯಿತು. ಶುಗರಿನ ಮಾತ್ರೆಯನ್ನು ಡಾಕ್ಟರು ಅರ್ಧ ಮಾಡಿದರು. ನನಗೆ ಮೆಟ್ಟಲು ಹತ್ತುವಾಗ ಇದ್ದ ಗಂಟುನೋವು ಯಾವಾಗ ಹೋಯಿತು ಅಂತಲೇ ಗೊತ್ತಾಗಲಿಲ್ಲ. ಹೊಟ್ಟೆ ಹಗುರ, ನಿದ್ದೆ ಗಟ್ಟಿ. ಆದರೆ ನಾನು ಸತ್ಯ ಹೇಳುತ್ತೇನೆ, ನನ್ನ ಸುಖ ಅದಲ್ಲ. ಹರಿವೆಯ ಕಟ್ಟು ಮಧ್ಯದಲ್ಲಿಟ್ಟು ಇಬ್ಬರೂ ಎದುರು ಬದುರು ಕೂತು ಎಲೆ ಬಿಡಿಸುತ್ತಿದ್ದೆವಲ್ಲ, ಅದು. ಮೀನು ಶುಚಿ ಮಾಡುವುದು ಒಬ್ಬಳ ಕೆಲಸ. ಸೊಪ್ಪು ಬಿಡಿಸಲಿಕ್ಕೆ ಇಬ್ಬರು ಬೇಕು, ಮಾತು ಬೇಕು, ಹೊತ್ತು ಬೇಕು. ಇವರು ಮೊದಲ ಸಲ ವಿಮಾನ ಹತ್ತುವಾಗ ಶೌಚಾಲಯದಲ್ಲಿ ಅತ್ತದ್ದು, ಮಗಳು ಹುಟ್ಟಿದ ಸುದ್ದಿ ಮೂರು ವಾರ ತಡವಾಗಿ ಕಾಗದದಲ್ಲಿ ತಲುಪಿದ್ದು, ಎಲ್ಲ ನನಗೆ ಗೊತ್ತಾದದ್ದು ಬಸಳೆ ಎಲೆ ಬಿಡಿಸುತ್ತಾ. ಆಗ ಮಗಳಿಗೆ ಮದುವೆಯಾಗಿ ಉಡುಪಿಗೆ ಹೋಗಿಯಾಗಿತ್ತು. ನನಗೆ ಆ ವರ್ಷ ಮದುವೆಯಾದ ಹಾಗೆ. ಈ ಮನುಷ್ಯ ಇನ್ನು ಇಲ್ಲೇ ಇರಲಿ ದೇವರೇ, ಇಷ್ಟೇ ಸಾಕು ಅಂತ ಒಲೆ ಹೊತ್ತಿಸುವಾಗಲೆಲ್ಲ ಕೇಳಿಕೊಳ್ಳುತ್ತಿದ್ದೆ.

ಆದರೆ ನಮ್ಮ ಊರಿನಲ್ಲಿ ಒಂದು ಕ್ರಮ ಉಂಟು. ಗಲ್ಫಿನಿಂದ ಬಂದವನನ್ನು ಯಾರು ಕಂಡರೂ ಎರಡು ಪ್ರಶ್ನೆ. "ಬಂದದ್ದು ಯಾವಾಗ?" "ಹೋಗುವುದು ಯಾವಾಗ?" ಹುಷಾರಾ ಅಂತ ಕೇಳುವುದಕ್ಕಿಂತ ಮೊದಲು ಅದು. ಕೇಳುವವರ ಮನಸ್ಸಿನಲ್ಲಿ ಎಂತದೂ ಇಲ್ಲ, ಬಾಯಿ ಅಭ್ಯಾಸ. ಇವರು ಸೊರಗಿದ್ದಾಗ ಯಾರೂ ಕೇಳಲಿಲ್ಲ. ಯಾವಾಗ ಮುಖದಲ್ಲಿ ಕಳೆ ಬಂತೋ, ಸೀತಾಂಗೋಳಿ ಜಂಕ್ಷನಿನಲ್ಲಿ ನೆಟ್ಟಗೆ ನಡೆಯಲಿಕ್ಕೆ ಸುರು ಮಾಡಿದರೋ, ಆಗ ಕ್ಷೌರದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ರೇಶನ್ ಕ್ಯೂನಲ್ಲಿ ಅದೇ ಮಾತು. "ಗಂಗಣ್ಣ, ಈಗ ಫಸ್ಟ್ ಕ್ಲಾಸ್ ಆದಿರಲ್ಲ. ಹೋಗುವುದು ಯಾವಾಗ?" ಸುರುವಿಗೆ ಇವರು ನಗುತ್ತಿದ್ದರು. ಆಮೇಲೆ ಜಂಕ್ಷನಿಗೆ ಹೋಗುವುದನ್ನೇ ಕಮ್ಮಿ ಮಾಡಿದರು. ಒಂದು ದಿನ ಸೊಪ್ಪು ಬಿಡಿಸುತ್ತಾ ಇದ್ದಕ್ಕಿದ್ದ ಹಾಗೆ "ಜಲಜಾ, ಗಂಡಸು ಹಗಲು ಹೊತ್ತು ಮನೆಯಲ್ಲಿ ಕೂತರೆ ಜನಕ್ಕೆ ನೋಡಲಿಕ್ಕೆ ಆಗುವುದಿಲ್ಲ" ಎಂದರು. "ಜನ ಕಣ್ಣು ಮುಚ್ಚಿಕೊಳ್ಳಲಿ" ಅಂತ ನಾನು ಹೇಳಿದೆ. ಮಾತು ಅಲ್ಲಿಗೆ ಮುಗಿಯಿತು ಅಂತ ಎಣಿಸಿದೆ. ಎಂತ ಮೂರ್ಖಳು ನಾನು.

ಹದಿಮೂರನೇ ತಿಂಗಳಲ್ಲಿ ಇವರು "ಮಂಗಳೂರಲ್ಲಿ ಒಂದು ದೊಡ್ಡ ಚೆಕಪ್ ಉಂಟು. ಈ ಸಲ ಎಲ್ಲ ನಾರ್ಮಲ್ ಬರಬೇಕು, ನೋಡು" ಎಂದರು. ನನಗೆ ಪರೀಕ್ಷೆ ಹತ್ತಿರ ಬಂದ ಹಾಗೆ. ಹದಿನೈದು ದಿನ ಪಾರಾಯಣ ಮಾಡಿದ ಹಾಗೆ ಅಡಿಗೆ ಮಾಡಿದೆ. ಬೆಳಿಗ್ಗೆ ಹಾಗಲಕಾಯಿ, ಮಧ್ಯಾಹ್ನ ಹುರುಳಿ ಕಟ್ಟು ಮತ್ತು ಸೊಪ್ಪು, ಸಂಜೆ ಮೊಳಕೆ ಬಂದ ಹೆಸರುಕಾಳು. ಉಪ್ಪನ್ನು ಬೆರಳಿನ ತುದಿಯಲ್ಲಿ ಹಾಕಿದೆ. ಇವರು ಒಂದು ಚೂರು ಮಿಕ್ಸ್ಚರ್ ಕೇಳಿದರೆ ಕೊಡಲಿಲ್ಲ. ಆ ದಿನ ನಾನೂ ಜೊತೆಗೆ ಹೋದೆ. ಕಾಯುವ ಕೋಣೆಯ ತುಂಬ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟ್ ಹಿಡಿದ ಜನ. ಅಯ್ಯೋ ಪಾಪ, ಗಲ್ಫಿಗೆ ಹೋಗುವವರ ಮೆಡಿಕಲ್ಲೂ ಇಲ್ಲಿಯೇ ಆಗುವುದು ಕಾಣುತ್ತದೆ ಅಂತ ಎಣಿಸಿಕೊಂಡೆ. ಈ ಜನರ ಹೆಂಡತಿಯರೆಲ್ಲ ಇನ್ನು ಒಬ್ಬೊಬ್ಬರೇ ಉಣ್ಣಬೇಕಲ್ಲ ಅಂತ ಅವರಿಗೋಸ್ಕರ ನನಗೆ ಬೇಜಾರೂ ಆಯಿತು. ಇಪ್ಪತ್ತಾರು ವರ್ಷ ಗಲ್ಫಿನವನ ಹೆಂಡತಿಯಾಗಿ ಆ ಸಾಲಿನಲ್ಲಿ ಕೂತು ನನಗೆ ಹೊಳೆಯಲಿಲ್ಲ ನೋಡಿ. ಇವರ ಚೀಲದಲ್ಲೂ ಅಂಥದ್ದೇ ಕವರು ಇತ್ತು. ನಾನು ಅದರೊಳಗೆ ಹಳೆಯ ಸ್ಕ್ಯಾನಿಂಗ್ ಇರಬೇಕು ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಇವರ ಫೋನಿಗೆ ಮೆಸೇಜು ಬಂತು. "ಎಂತ ಬಂತು?" ಅಂತ ಕೇಳಿದೆ. "ಫಿಟ್" ಎಂದರು. ನಾನು ಕುಣಿಯುವುದೊಂದು ಬಾಕಿ. ಓಡಿಹೋಗಿ ಅತ್ತಿಗೆಗೆ ಹೇಳಿದೆ, ಗೇಟಿನ ಹತ್ತಿರ ನಿಂತು ಮೊಯ್ದುವಿಗೆ ಹೇಳಿದೆ, ತಂಗಿಗೆ ಫೋನು ಮಾಡಿದೆ. ಆ ವಾರವೇ ಇವರನ್ನು ಕರೆದುಕೊಂಡು ಅಡೂರಿಗೆ ಹೋಗಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿದೆ. ಪ್ರಸಾದ ಹಿಡಿದು ಹೊರಗೆ ಬಂದಾಗ, ಕಟ್ಟೆಯ ಮೇಲೆ ಕೂತು ಇವರು ಮೆಲ್ಲಗೆ ಹೇಳಿದರು. "ಅದು ವೀಸಾದ ಮೆಡಿಕಲ್. ಹಳೆಯ ಕಂಪನಿಯವರೇ ಕರೆದಿದ್ದಾರೆ. ಇನ್ನು ಎರಡು ವರ್ಷ, ಅಷ್ಟೇ."

ನಾನು ಪ್ರಸಾದವನ್ನು ಸೆರಗಿನ ತುದಿಗೆ ಕಟ್ಟಿದೆ. ಆಮೇಲೆ "ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?" ಅಂತ ಕೇಳಿದೆ.

"ಹೇಳಿದ್ದರೆ ದಿನಾ ಆರು ಮೊಟ್ಟೆ ಪೊರಿದು ಹಾಕಿ ನನ್ನನ್ನು ಫೇಲ್ ಮಾಡಿಸ್ತಿದ್ದಿ" ಅಂತ ನಗಿಸಲಿಕ್ಕೆ ನೋಡಿದರು.

"ಹೌದು, ಮಾಡಿಸ್ತಿದ್ದೆ" ಎಂದೆ. ನಾನು ನಗಲಿಲ್ಲ. ಈ ಮನುಷ್ಯನನ್ನು ಮನೆಯಲ್ಲಿ ಉಳಿಸಿಕೊಳ್ಳಲಿಕ್ಕೆ ಅಂತ ಒಂದು ವರ್ಷ ಸೊಪ್ಪು ಬೇಯಿಸಿದೆ. ಅದೇ ಸೊಪ್ಪಿನಿಂದ ಪಾಸು ಮಾಡಿಸಿ ಕಳಿಸಿಕೊಟ್ಟವಳೂ ನಾನೇ. ಇದನ್ನು ಯಾರ ಹತ್ತಿರ ಹೇಳಿ ಅಳುವುದು?

ಹೋಗುವ ಮೊದಲು ಜಗಳ ಮಾಡಿದೆ, ಮಾತು ಬಿಟ್ಟೆ, ಕೊನೆಗೆ ಸೋತು ಪೆಟ್ಟಿಗೆ ಕಟ್ಟಿದೆ. ಒಣಗಿಸಿದ ಗುಜ್ಜೆ, ಹುರುಳಿ, ಎಣ್ಣೆಯಿಲ್ಲದೆ ಹುರಿದ ಸಾರಿನ ಹುಡಿ. ದಿನಾ ಇದನ್ನೇ ಬೇಯಿಸಿ ತಿನ್ನುತ್ತೇನೆ ಅಂತ ನನ್ನ ತಲೆ ಮುಟ್ಟಿ ಹೇಳಿದರು. ಅಲ್ಲಿಂದ ದಿನಾ ಮಧ್ಯಾಹ್ನ ವಿಡಿಯೋ ಕಾಲ್. ಮೊದಲು ತಟ್ಟೆ ತೋರಿಸಬೇಕು, ಆಮೇಲೆ ಮುಖ. "ಇವತ್ತು ಪಡುವಲಕಾಯಿಗೆ ಕಡಲೆಬೇಳೆ ಹಾಕಿದ್ದು ನೋಡು. ಇದು ಮೆಂತೆ ಸೊಪ್ಪು. ಉಪ್ಪು ಒಂದು ಕಲ್ಲು ಕಮ್ಮಿ." ಮುಖ ಸ್ವಲ್ಪ ಊದಿದ ಹಾಗೆ ಕಂಡರೂ ತಟ್ಟೆ ನೋಡಿ ನಾನು ಧೈರ್ಯ ತಂದುಕೊಳ್ಳುತ್ತಿದ್ದೆ. ಹನ್ನೊಂದು ತಿಂಗಳು ಹೀಗೆ ಹೋಯಿತು. ಒಂದು ಶುಕ್ರವಾರ ಮಧ್ಯಾಹ್ನ ಕಾಲ್ ಬರಲಿಲ್ಲ. ನಾನೇ ಮಾಡಿದರೆ ಬೇರೆ ಯಾರೋ ತೆಗೆದರು. ಮಲಗಿದವರು ಏಳಲೇ ಇಲ್ಲ ಎಂದರು.

ದೇಹದ ಜೊತೆ ಬಂದವನು ಸತೀಶ, ಅದೇ ರೂಮಿನ ಹುಡುಗ, ಅಡೂರಿನವನು. ಮೀನು ಮಾಂಸ ಮುಟ್ಟದ ಮನೆಯವನಾದ್ದರಿಂದ ರೂಮಿನಲ್ಲಿ ತನ್ನ ಅಡಿಗೆ ತಾನೇ ಮಾಡಿಕೊಳ್ಳುತ್ತಿದ್ದನಂತೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ಹಿಂದಿನ ಸಂಜೆ, ನಾವು ಹೆಂಗಸರೆಲ್ಲ ಹಿತ್ತಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಾಗ ಬಂದು ನನ್ನ ಹತ್ತಿರ ಕೂತ. "ಅಕ್ಕಾ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಣ್ಣ ನಿಮಗೆ ದಿನಾ ತೋರಿಸ್ತಿದ್ದ ಊಟ ನನ್ನದು" ಎಂದ.

ಕತ್ತಿ ನನ್ನ ಕೈಯಲ್ಲೇ ಉಳಿಯಿತು.

"ಸುರುವಿಗೆ ಒಂದೆರಡು ವಾರ ಅವರೇ ಬೇಯಿಸಿದ್ರು. ಆಮೇಲೆ ಹನ್ನೆರಡು ಗಂಟೆ ಡ್ಯೂಟಿ, ಆಗಲಿಲ್ಲ. ನಿಮಗೆ ಕಾಲ್ ಮಾಡುವ ಹೊತ್ತಿಗೆ ನನ್ನ ತಟ್ಟೆ ತೆಗೆದುಕೊಂಡು, 'ಉಪ್ಪು ಹೇಗುಂಟು ಹೇಳು ಮಾರಾಯ, ಅವಳು ಕೇಳ್ತಾಳೆ' ಅಂತ ನನ್ನ ಹತ್ರ ಕೇಳಿ ನಿಮಗೆ ಹೇಳ್ತಿದ್ರು. ತಟ್ಟೆ ನನಗೆ ವಾಪಸು ಕೊಟ್ಟು ಮೆಸ್ಸಿನ ಬಿರಿಯಾನಿ ತಿನ್ನಲಿಕ್ಕೆ ಹೋಗ್ತಿದ್ರು. 'ಅಣ್ಣ, ನನ್ನದ್ದರಲ್ಲಿ ಪಾಲು ತಿನ್ನಿ, ಇಬ್ಬರಿಗೆ ಬೇಯಿಸ್ತೇನೆ' ಅಂತ ಎಷ್ಟು ಸಲ ಹೇಳಿದ್ದೇನೆ. 'ಅವಳು ಬೇಯಿಸಿದ ಸೊಪ್ಪು ತಿಂದ ಬಾಯಿಗೆ ಬೇರೆಯವರದ್ದು ಸೇರುವುದಿಲ್ಲ ಸತೀಶ, ಊರಿಗೆ ಹೋದ ಮೇಲೆ ತಿಂತೇನೆ' ಅಂತ ಹೇಳುತ್ತಿದ್ರು."

ನಾನು ಅವನಿಗೆ ಎಂತ ಹೇಳಿದೆನೋ ನೆನಪಿಲ್ಲ. ಎದುರಿದ್ದ ಕುಂಬಳಕಾಯಿಯನ್ನು ಒಂದೇ ಏಟಿಗೆ ಎರಡು ಮಾಡಿದೆ. ತಲೆ ಮುಟ್ಟಿ ಆಣೆ ಮಾಡಿದವರು! ಎದುರು ಇದ್ದಿದ್ದರೆ ಬೈದು ನೀರಿಳಿಸುತ್ತಿದ್ದೆ. ಬೈಯಲಿಕ್ಕೂ ಜನ ಇಲ್ಲ.

ನಮ್ಮಲ್ಲಿ ಬೊಜ್ಜದ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಕೋಣೆಯೊಳಗೆ ಎಲೆ ಹಾಕಿ ಬಡಿಸಿ, ಸತ್ತವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆರೆದ ಮೇಲೆ ಉಳಿದವರ ಊಟ. "ಮೀನು, ಕೋಳಿ ಆಗಲೇಬೇಕು. ಅವನಿಗೆ ಎಂತ ಇಷ್ಟ ಅಂತ ನನಗೆ ಗೊತ್ತಿಲ್ಲವಾ? ನಾನು ಎತ್ತಿ ಆಡಿಸಿದವಳು" ಎಂದರು ದೇವಕಿ ಅತ್ತಿಗೆ, ಕಣ್ಣೊರೆಸುತ್ತಾ. ನಾನು ವಾದ ಮಾಡಲಿಲ್ಲ. ಅವರ ತಮ್ಮ, ಅವರು ಮಾಡಲಿ. ಎಲೆಯ ಒಂದು ಬದಿಗೆ ಅವರು ಮೀನು, ಕೋಳಿ ಬಡಿಸಿದರು. ಉಳಿದ ಜಾಗವೆಲ್ಲ ನನ್ನದು.

ನಾನು ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಒಬ್ಬಳೇ ಬೇಯಿಸಿದ್ದೆ, ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಹನ್ನೊಂದು ತಿಂಗಳು ಫೋನಿನಲ್ಲಿ ತೋರಿಸಿದ್ದು ಎಷ್ಟು ನೆನಪಿತ್ತೋ ಅಷ್ಟೂ. ಪಡುವಲಕಾಯಿಗೆ ಕಡಲೆಬೇಳೆ, ಮೆಂತೆ ಸೊಪ್ಪು, ಕುಂಬಳಕಾಯಿಗೆ ಅಲಸಂಡೆ ಕಾಳು, ಸುವರ್ಣಗಡ್ಡೆ, ನುಗ್ಗೆಕಾಯಿ, ಬೆಂಡೆ. ಎಲೆ ಸಾಲದೆ ಇನ್ನೊಂದು ಎಲೆ ಜೋಡಿಸಿದೆ. ಬಡಿಸುತ್ತಾ ಬೈದೆ ಕೂಡ. "ತಿನ್ನಿ. ಇವತ್ತು ಡ್ಯೂಟಿ ಇಲ್ಲ ನಿಮಗೆ, ಬೇರೆಯವರ ಕೈಯದ್ದೂ ಅಲ್ಲ. ಒಂದು ಅಗುಳು ಬಿಡಬಾರದು" ಎಂದೆ. ಹಿಂದೆ ನಿಂತಿದ್ದ ಮಗಳು ಬಿಕ್ಕಿ ಬಿಕ್ಕಿ ಅತ್ತು ನನ್ನನ್ನು ಹೊರಗೆ ಕರೆದುಕೊಂಡು ಬಂದಳು.

ಬಾಗಿಲು ಮುಚ್ಚಿದರು. ಚಾವಡಿಯಲ್ಲಿ ಎಲ್ಲರೂ ಬಾಗಿಲಿನ ಕಡೆಗೆ ಮುಖ ಮಾಡಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ಮುಂದೆ ಬಂದು ಬಾಗಿಲು ತಟ್ಟಲಿಕ್ಕೆ ಕೈ ಎತ್ತಿದರು. ನಾನು ಆ ಕೈಯನ್ನು ಹಿಡಿದುಕೊಂಡೆ.

"ಬೇಡ ಅತ್ತಿಗೆ, ತೆರೆಯಬೇಡಿ" ಎಂದೆ. "ಅವರದ್ದು ಇನ್ನೂ ಉಂಡಾಗಲಿಲ್ಲ."